ಕೋಟು ಒಬ್ಬರದು, ಮುಖ ಒಬ್ಬರದು

ಹೊನ್ನಾಳಿ
೧೨ ಜನವರಿ ೨೦೨೫

ಶ್ರೀಮತಿ ದುರ್ಗಾಂಬಿಕಾ ಅವರಿಗೆ ಹೊನ್ನಾಳಿಯ ಹಾಲಸ್ವಾಮಿ ಮಾಡುವ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಹೊನ್ನಾಳಿಯಲ್ಲಿ ನಲವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಈಗ ನನಗೆ ಎಂಬತ್ತಮೂರು. ಕಿವಿ ಪೂರ್ತಿ ಹೋಗಿರುವುದರಿಂದ ಫೋನಿನಲ್ಲಿ ಮಾತಾಡಲಾರೆ, ಕಾಗದವೇ ಗತಿ. ನಿಮ್ಮ ವಿಳಾಸ ಕೊಟ್ಟವರು ಚನ್ನಗಿರಿಯಲ್ಲಿ ಇತಿಹಾಸ ಪಾಠ ಮಾಡುವ ಪ್ರದೀಪ್ ಮೇಷ್ಟ್ರು.

ಹೋದ ವಾರ ಅವರು ತಮ್ಮ ಕಾಲೇಜಿನಲ್ಲಿ ನಮ್ಮ ಸುತ್ತಿನ ತಾಲ್ಲೂಕುಗಳಿಂದ ಸೈನ್ಯಕ್ಕೆ ಹೋದವರ ಹಳೆಯ ಫೋಟೋಗಳ ಪ್ರದರ್ಶನ ಇಟ್ಟಿದ್ದರು. ಹಳೇ ಕಸುಬಿನವನೆಂದು ನನ್ನನ್ನೂ ಕರೆಸಿದ್ದರು. ಬರ್ಮಾಕ್ಕೆ ಹೋಗಿ ಬಂದವರು, ಆಫ್ರಿಕಾದ ಮರಳಿನಲ್ಲಿ ಲಾರಿ ಓಡಿಸಿದವರು, ಎಪ್ಪತ್ತೊಂದರಲ್ಲಿ ಢಾಕಾ ನೋಡಿದವರು, ಎಲ್ಲರೂ ಗೋಡೆ ತುಂಬ ಸಾಲಾಗಿ ನಿಂತಿದ್ದರು. ಅವರ ನಡುವೆ ನೀವು ಕಳಿಸಿದ ಫೋಟೋ ಇತ್ತು. ಕೆಳಗಿನ ಚೀಟಿಯಲ್ಲಿ ‘ಸಿಪಾಯಿ ತಿಪ್ಪೇಶಪ್ಪ, ಜಗಳೂರು. ೧೯೬೫ರ ಯುದ್ಧದಲ್ಲಿ ಮಡಿದವರು’ ಎಂದಿತ್ತು. ಅದು ನಾನು ತೆಗೆದ ಫೋಟೋ. ನೋಡಿದ ಕೂಡಲೇ ಗುರುತು ಸಿಕ್ಕಿತು.

ನಾನೊಬ್ಬನೇ ಗುರುತಿಸಿದ್ದರೆ ಸುಮ್ಮನೆ ಮನೆಗೆ ಬಂದುಬಿಡುತ್ತಿದ್ದೆ. ಆದರೆ ಅಲ್ಲೇ ಓದುವ ಮೊಮ್ಮಗಳ ಜೊತೆ ಬಂದಿದ್ದ ಹೆಂಗಸೊಬ್ಬರು ಆ ಫೋಟೋದ ಮುಂದೆ ನಿಂತು ಜೋರಾಗಿ ಅಳುತ್ತಿದ್ದರು. ನನಗೆ ಏನೂ ಕೇಳಿಸಲಿಲ್ಲ. ಪ್ರದೀಪ್ ಚೀಟಿಯಲ್ಲಿ ಬರೆದು ತೋರಿಸಿದರು. “ಇವರು ನಮ್ಮಪ್ಪ ಕಣ್ರೀ, ಸೈನ್ಯಕ್ಕೇ ಹೋದವರಲ್ಲ, ಇಲ್ಲಿಗೆ ಹೆಂಗೆ ಬಂದ್ರು ಅಂತ ಕೇಳ್ತಿದಾರೆ. ಪಾಪ, ತಲೆ ಸರಿ ಇಲ್ಲವೇನೋ.” ಆಕೆಯ ಹೆಸರು ಶಿವಲೀಲಾ, ನ್ಯಾಮತಿಯವರು.

ಅವರ ತಲೆ ಸರಿಯಾಗಿಯೇ ಇದೆ ಎಂದು ನಾನು ಹೇಳಬೇಕಾಯಿತು. ಹಾಗೆ ಹೇಳಿ, ನಿಮ್ಮ ತಾಯಿಗೆ ಐವತ್ತೊಂಬತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ಮುರಿದೆ. ಅಮ್ಮಾ, ಆ ಫೋಟೋದಲ್ಲಿರುವ ಕೋಟು ನಿಮ್ಮ ತಂದೆಯವರದು. ಮುಖ ಅವರದಲ್ಲ. ಅದು ಶಿವಲೀಲಾ ಅವರ ತಂದೆ ಬೆನಕಪ್ಪನವರದು.

ಪ್ರದೀಪ್ ಫೋಟೋವನ್ನು ಗೋಡೆಯಿಂದ ಇಳಿಸಿದ್ದಾರೆ. ನಾಳೆ ನಾಡಿದ್ದು ನಿಮಗೆ ಅವರ ಕಾಗದ ಬರಬಹುದು. ಅದಕ್ಕಿಂತ ಮೊದಲು ಈ ಕೆಲಸ ಮಾಡಿದವನಿಂದಲೇ ನಿಮಗೆ ವಿಷಯ ತಿಳಿಯಲಿ ಎಂದು ಬರೆದೆ. ನನ್ನನ್ನು ಮನ್ನಿಸಲು ಸಾಧ್ಯವಾದರೆ ಮನ್ನಿಸಿ.

ಇಂತು ತಲೆತಗ್ಗಿಸಿದ,
ಹಾಲಸ್ವಾಮಿ


ಜಗಳೂರು
೨೫ ಜನವರಿ ೨೦೨೫

ಹಾಲಸ್ವಾಮಿಯವರೇ,

ನಾನು ಆರೋಗ್ಯ ಇಲಾಖೆಯಲ್ಲಿ ನರ್ಸು. ಮೂವತ್ತೈದು ವರ್ಷ ಹಳ್ಳಿ ಹಳ್ಳಿ ತಿರುಗಿದ್ದೇನೆ. ಕೆಟ್ಟ ಸುದ್ದಿಯನ್ನು ಎಷ್ಟೋ ಮನೆಗಳಲ್ಲಿ ನಾನೇ ಹೇಳಿದ್ದೇನೆ. ಹೇಳುವಾಗ ಪಕ್ಕದಲ್ಲಿ ಕೂತು ಹೇಳುತ್ತೇನೆ, ಹೀಗೆ ಅಂಚೆಯಲ್ಲಿ ಹಾಕಿ ಕೈ ತೊಳೆದುಕೊಳ್ಳುವುದಿಲ್ಲ.

ನಾನು ಹುಟ್ಟುವ ಮೂರು ತಿಂಗಳ ಮೊದಲು ಅಪ್ಪ ಹೋದರು. ನನಗೆ ಅಪ್ಪ ಎಂದರೆ ಆ ಫೋಟೋ ಅಷ್ಟೇ. ಎಸ್ಸೆಸ್ಸೆಲ್ಸಿ ಪಾಸಾದ ದಿನ ಮಾರ್ಕ್ಸ್ ಕಾರ್ಡನ್ನು ಅದರ ಮುಂದೆ ಇಟ್ಟೆ. ನನ್ನ ಲಗ್ನಪತ್ರಿಕೆ ಮೊದಲು ಅದರ ಮುಂದೆ ಹೋಯಿತು. ಹನ್ನೆರಡು ಹದಿಮೂರು ವರ್ಷದವಳಿದ್ದಾಗ ಕನ್ನಡಿಯನ್ನು ಫೋಟೋದ ಪಕ್ಕಕ್ಕೆ ಹಿಡಿದು, ನನ್ನ ಮೂಗು ಅಪ್ಪನ ಮೂಗಿನ ಹಾಗೇ ಇದೆ ಎಂದು ಗೆಳತಿಯರಿಗೆಲ್ಲ ತೋರಿಸಿದ್ದೆ. ಈಗ ನೀವು ಅದು ಯಾರದೋ ಮೂಗು ಎನ್ನುತ್ತೀರಿ.

ನಮ್ಮವ್ವ ತೀರಿಕೊಂಡು ಹದಿನಾಲ್ಕು ವರ್ಷ. ಆಕೆ ಸುಳ್ಳು ಹೇಳುವ ಹೆಂಗಸಾಗಿರಲಿಲ್ಲ. “ನೋಡು, ನಿಮ್ಮಪ್ಪ” ಎಂದು ತೋರಿಸಿದ್ದು ಆಕೆ. ಆಕೆಯ ಮಾತು ನಂಬಬೇಕೋ ನಿಮ್ಮ ಮಾತು ನಂಬಬೇಕೋ ನೀವೇ ಹೇಳಿ. ನಿಮಗೆ ವಯಸ್ಸಾಗಿದೆ. ಸಾವಿರಾರು ಮುಖ ತೆಗೆದವರು, ಒಂದಕ್ಕೊಂದು ಕಲಸಿರಬಹುದು.

ಫೋಟೋವನ್ನು ನನಗೆ ವಾಪಸು ಕಳಿಸಲು ಪ್ರದೀಪ್ ಅವರಿಗೆ ಹೇಳಿದ್ದೇನೆ. ದಯವಿಟ್ಟು ಮತ್ತೆ ಬರೆಯಬೇಡಿ.

ದುರ್ಗಾಂಬಿಕಾ


ಹೊನ್ನಾಳಿ
೯ ಫೆಬ್ರುವರಿ ೨೦೨೫

ದುರ್ಗಾಂಬಿಕಮ್ಮನವರಿಗೆ ನಮಸ್ಕಾರ.

ಬರೆಯಬೇಡಿ ಎಂದಿದ್ದೀರಿ. ಇದೊಂದು ಸಲ ಮಾತು ಮೀರುತ್ತೇನೆ. ಓದದೆ ಒಲೆಗೆ ಹಾಕಿದರೂ ನನಗೆ ಬೇಸರವಿಲ್ಲ. ನಿಮ್ಮ ತಾಯಿಯ ಮೇಲೆ ನಿಮಗೆ ಅನುಮಾನ ಉಳಿಯಬಾರದು, ಅಷ್ಟಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

೧೯೬೬ರ ಏಪ್ರಿಲ್. ನಾನು ಸ್ಟುಡಿಯೋ ತೆರೆದು ವರ್ಷವಾಗಿರಲಿಲ್ಲ. ಆಗ ನಮ್ಮ ಕಡೆ ಜನ ಫೋಟೋ ತೆಗೆಸುತ್ತಿದ್ದದ್ದು ಮದುವೆಗೆ, ಇಲ್ಲವೆ ಸಾವಿಗೆ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ಸುತ್ತಿ, ನನ್ನನ್ನು ಕರೆಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹಿರಿಯರದೆಂದು ಹೂ ಏರಿಸುವುದು ಅಂಥ ಫೋಟೋಗಳಿಗೇ. ನಿಮ್ಮ ತಂದೆಯವರಿಗೆ ಅದೂ ಆಗಿರಲಿಲ್ಲ. ಪಂಜಾಬಿನ ಗಡಿಯಲ್ಲಿ ನೆಲದೊಳಗಿನ ಸಿಡಿಗುಂಡು ತೆಗೆಯುವಾಗ ಹೋದವರು, ದೇಹ ಊರಿಗೆ ಬರಲಿಲ್ಲ. ಬಂದದ್ದು ಕಬ್ಬಿಣದ ಟ್ರಂಕು ಒಂದು. ಅದರೊಳಗೆ ಉಣ್ಣೆಯ ಕೋಟು, ಕಂಬಳಿ, ಒಂದು ಲೋಟ.

ನಿಮ್ಮ ತಾಯಿ ಕೊಲ್ಲಾಪುರಮ್ಮನವರು ಬಾಣಂತನಕ್ಕೆ ನ್ಯಾಮತಿ ಹತ್ತಿರದ ತವರಿಗೆ ಬಂದಿದ್ದರು. ಹತ್ತೊಂಬತ್ತು ವರ್ಷವಿರಬೇಕು. ನಾಲ್ಕು ತಿಂಗಳ ನಿಮ್ಮನ್ನು ಎತ್ತಿಕೊಂಡು, ಕೋಟನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಂದರು. “ಇದನ್ನ ಹಾಕ್ಕಂಡಂಗೆ ನಮ್ಮ ಮನೆಯವರದೊಂದು ಫೋಟೋ ಮಾಡಿಕೊಡ್ರಿ” ಎಂದರು. ಯಜಮಾನರು ಎಲ್ಲಿ ಎಂದು ಕೇಳಿದೆ. ಇಲ್ಲ ಎಂದರು. ಹಳೆಯ ಫೋಟೋ ಏನಾದರೂ? ಅದೂ ಇಲ್ಲ.

“ಅವರ ಮಕ ಹೆಂಗಿತ್ತು ಅಂತ ನಾನು ಹೇಳ್ತಾ ಹೋಗ್ತೀನಿ, ನೀವು ಚಿತ್ರ ಬರೀರಿ. ಈ ಕೂಸು ನಾಳೆ ಅಪ್ಪ ಎಲ್ಲಿ ಅಂದ್ರೆ ಏನು ತೋರಿಸ್ಲಿ? ಬರೇ ಕೋಟು ತೋರ್ಸಾಕೆ ಆಗ್ತೈತಾ?”

ಎರಡು ದಿನ ಬಂದು ಕೂತು ಹೇಳಿದರು. ನಾನು ಪೆನ್ಸಿಲಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಎಷ್ಟು ಮಾಡಿದರೂ ಅದು ಕ್ಯಾಲೆಂಡರಿನ ದೇವರ ಹಾಗೆ ಆಗುತ್ತಿತ್ತೇ ಹೊರತು ಮನುಷ್ಯನ ಮುಖ ಆಗಲಿಲ್ಲ. ಮೂರನೇ ದಿನ ಏದುಸಿರು ಬಿಡುತ್ತಾ ಬಂದರು.

“ಅಕ್ಕಿ ಮಿಲ್ಲಿನ ಮುಂದೆ ಒಬ್ರು ಮೂಟೆ ಇಳಿಸ್ತಾ ಅದಾರೆ. ಹಣೆ, ಕಣ್ಣು ಹಂಗೇ ಐತೆ. ನಾನು ಹೆಂಗೆ ಕೇಳ್ಲಿ? ನೀವು ಕೇಳ್ರಿ.”

ಅವರೇ ಹಮಾಲಿ ಬೆನಕಪ್ಪ. ಮೈಯೆಲ್ಲ ತೌಡಿನ ಪುಡಿ. ನಾನು ವಿಷಯ ಹೇಳಿದೆ. ಸತ್ತವರ ಬಟ್ಟೆ ತೊಡುವುದೆಂದರೆ ಆಗ ಸಣ್ಣ ಮಾತಲ್ಲ, ಅದೂ ಅವರ ಹೆಂಡತಿ ಐದು ತಿಂಗಳ ಬಸುರಿ. ಜೊತೆಯವರು “ಬ್ಯಾಡಪ್ಪೋ ಬೆನಕ, ಮನೇಲಿ ಬಸುರಿ ಹೆಂಗ್ಸು ಅದಾಳೆ” ಎಂದು ತಡೆದರು. ಬೆನಕಪ್ಪ ರಸ್ತೆಯ ಆಚೆ ನಿಂತಿದ್ದ ನಿಮ್ಮ ತಾಯಿಯನ್ನು ನೋಡಿದರು, ಸೊಂಟದ ಮೇಲಿದ್ದ ನಿಮ್ಮನ್ನು ನೋಡಿದರು.

“ಆ ಮಗಿಗೆ ಅಪ್ಪನ ಮಕ ಬೇಕಂತಲ್ಲ. ಕೊಟ್ರೆ ನನ್ನ ಮಕ ಏನು ಸವೆದು ಹೋಗ್ತೈತಾ? ತಡೀರಿ, ಕೈಕಾಲು ತೊಳ್ಕಂಡು ಬರ್ತೀನಿ.”

ಕೋಟು ಅವರ ಮೈಗೆ ಹಿಡಿಸಲಿಲ್ಲ. ಮೂಟೆ ಹೊತ್ತ ಹೆಗಲು, ಗುಂಡಿ ಹತ್ತಿರವೇ ಬರುತ್ತಿರಲಿಲ್ಲ. ನಿಮ್ಮ ತಾಯಿ ನನ್ನಿಂದ ಬ್ಲೇಡು ಇಸಿದುಕೊಂಡು ತಾವೇ ಬೆನ್ನಿನ ಹೊಲಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿದರು. ಮುಗಿದ ಮೇಲೆ ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಹೀಗೆ, ಮುಂದಿನಿಂದ ನೋಡಿದರೆ ಸಿಪಾಯಿ, ಹಿಂದಿನಿಂದ ಬರಿಬೆನ್ನಿನ ಹಮಾಲಿ, ಆ ಫೋಟೋ ಬಂತು.

ಎಂಟು ದಿನ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದೆ. ಮೀಸೆ ಸಣ್ಣ ಮಾಡಿದೆ, ಕೆನ್ನೆ ಇಳಿಸಿದೆ. ಅಚ್ಚು ಹಾಕಿ ಕೊಟ್ಟಾಗ ನಿಮ್ಮ ತಾಯಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಬಾಯಿ ಬರ್ಲಿಲ್ಲ. ಇರ್ಲಿ ಬಿಡ್ರಿ, ಕೂಸಿಗೆ ಗೊತ್ತಾಗಲ್ಲ” ಎಂದರು. ಆಮೇಲೆ ನನ್ನಿಂದಲೂ ಬೆನಕಪ್ಪನವರಿಂದಲೂ ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡರು. ಬೆನಕಪ್ಪನವರಿಗೂ ಒಂದು ಪ್ರತಿ ಕೊಡಲೇ ಎಂದು ಅವರನ್ನು ಕೇಳಿದೆ. “ನಂಗ್ಯಾಕೆ ಸ್ವಾಮಿ? ಅದು ಅವರ ಯಜಮಾನ್ರ ಫೋಟೋ” ಎಂದು ಮಿಲ್ಲಿಗೆ ಹೊರಟುಹೋದರು.

ಇದಿಷ್ಟೇ. ನಿಮ್ಮವ್ವ ನಿಮಗೆ ತೋರಿಸಿದ್ದು ಸುಳ್ಳು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ನಿಮ್ಮ ಒಳ್ಳೆಯದನ್ನು ಬಯಸುವ,
ಹಾಲಸ್ವಾಮಿ


ನ್ಯಾಮತಿ
೩ ಏಪ್ರಿಲ್ ೨೦೨೫

ದುರ್ಗಾಂಬಿಕಕ್ಕನಿಗೆ ನ್ಯಾಮತಿ ಶಿವಲೀಲಾ ಮಾಡುವ ಶರಣು.

ಅಕ್ಕಾ, ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಪ್ರದೀಪ್ ಸರ್ ಹತ್ತಿರ ವಿಳಾಸ ಇಸಿದುಕೊಂಡು ಎರಡು ತಿಂಗಳಾಯಿತು. ಬರೆಯಲು ಧೈರ್ಯ ಬರಲಿಲ್ಲ.

ಚನ್ನಗಿರಿಯಲ್ಲಿ ಅಷ್ಟು ಜನರ ಮುಂದೆ ನಾನು ಹಾಗೆ ಅತ್ತು ಕೂಗಾಡಬಾರದಿತ್ತು. ನಿಮ್ಮ ತಂದೆಯ ಹೆಸರಿಗೆ ನನ್ನಿಂದ ಕುಂದು ಬಂತು. ತಪ್ಪಾಯಿತು.

ನಮ್ಮಪ್ಪ ಹೋದಾಗ ನನಗೆ ಹದಿನೈದು. ಮೂರು ದಿನದ ಜ್ವರ. ಮೂಟೆ ಹೊರುವವನಿಗೆ ಫೋಟೋ ಯಾಕೆ ಎಂದು ಯಾರೂ ತೆಗೆಸಿರಲಿಲ್ಲ. ಹಿರಿಯರ ಹಬ್ಬದಲ್ಲಿ ಎಲ್ಲರ ಮನೆಯಲ್ಲಿ ಫೋಟೋ ಇಟ್ಟರೆ ನಮ್ಮನೆಯಲ್ಲಿ ಒಂದು ಹೊಸ ಟವೆಲ್ಲು ಮಡಿಸಿ ಇಡುತ್ತೇವೆ. ನನ್ನ ಮಕ್ಕಳಿಗೆ ಅಜ್ಜ ಎಂದರೆ ಟವೆಲ್ಲು.

ಈಚೀಚೆಗೆ ಅಪ್ಪನ ಮುಖವೇ ನನಗೆ ನೆನಪಾಗುತ್ತಿರಲಿಲ್ಲ ಅಕ್ಕಾ. ಕಣ್ಣು ಮುಚ್ಚಿದರೆ ಬೆನ್ನು ಕಾಣುತ್ತಿತ್ತು, ಮೂಟೆ ಹೊತ್ತ ಬೆನ್ನು. ಮುಖ ಹೊರಟೇ ಹೋಯಿತಲ್ಲ ಎಂದು ಒಬ್ಬಳೇ ಇದ್ದಾಗ ಹೆದರಿಕೆಯಾಗುತ್ತಿತ್ತು. ಆವತ್ತು ಆ ಗೋಡೆಯಿಂದ ಅಪ್ಪ ನನ್ನನ್ನೇ ನೋಡಿದ. ಕೋಟು ನೋಡಿ ಮೊದಲು ಗುರುತಾಗಲಿಲ್ಲ. ಕಣ್ಣು ನೋಡಿ ಆಯಿತು.

ಹಾಲಸ್ವಾಮಿ ಅಜ್ಜ ನನಗೆ ಎಲ್ಲಾ ಬರೆದು ತಿಳಿಸಿದ್ದಾರೆ. ಫೋಟೋ ನಿಮ್ಮದು, ನಿಮ್ಮವ್ವ ಮಾಡಿಸಿದ್ದು. ನನಗೆ ಅದರದೊಂದು ಜೆರಾಕ್ಸ್ ಕೊಟ್ಟರೆ ಸಾಕು. ಕೊಡಲು ಮನಸ್ಸು ಬಾರದಿದ್ದರೆ ಒಂದು ದಿನ ಜಗಳೂರಿಗೆ ಬಂದು ನೋಡಿಕೊಂಡು ಹೋಗುತ್ತೇನೆ. ಮಾತಾಡಿಸಿ ತೊಂದರೆ ಕೊಡುವುದಿಲ್ಲ.

ಒಂದು ಮಾತು ಹೇಳಲೇಬೇಕು. ನಾವು ಮಕ್ಕಳಾಗಿ ನಮ್ಮಪ್ಪನಿಗೆ ಟವೆಲ್ಲು ಇಟ್ಟೆವು. ನೀವು ಯಾರೋ ಆಗಿ ಐವತ್ತೊಂಬತ್ತು ವರ್ಷ ಅವನಿಗೆ ದಿನಾ ಹೂ ಇಟ್ಟು ಕಾಪಾಡಿದಿರಿ. ಈ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ.

ನಿಮ್ಮ ತಂಗಿಯಂಥವಳು,
ಶಿವಲೀಲಾ


ಜಗಳೂರು
೨೦ ಏಪ್ರಿಲ್ ೨೦೨೫

ಹಿರಿಯರಾದ ಹಾಲಸ್ವಾಮಿಯವರಿಗೆ ನಮಸ್ಕಾರಗಳು.

ನಿಮ್ಮ ಫೆಬ್ರುವರಿಯ ಕಾಗದವನ್ನು ನಾನು ಒಲೆಗೆ ಹಾಕಿರಲಿಲ್ಲ, ಒಡೆದೂ ಇರಲಿಲ್ಲ. ಹಾಗೇ ಮಾತ್ರೆ ಡಬ್ಬಿಯ ಕೆಳಗಿಟ್ಟಿದ್ದೆ. ಶಿವಲೀಲಾ ಅವರ ಕಾಗದ ಬಂದ ಮೇಲೆ ಒಡೆದು ಓದಿದೆ.

ಓದಿ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅಪ್ಪನ ಕೋಟು ಅದರಲ್ಲೇ ಇದೆ, ಅವ್ವ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು, ಈಗ ನಾನು ಹಾಕುತ್ತೇನೆ. ತಿರುಗಿಸಿ ನೋಡಿದೆ. ಕೋಟಿನ ಎಲ್ಲ ಕಡೆ ಮಿಷನ್ ಹೊಲಿಗೆ, ಹಸಿರು ದಾರ. ಬೆನ್ನಿಗೆ ಮಾತ್ರ ಕೈಹೊಲಿಗೆ, ಕರಿ ದಾರ. ಚಿಕ್ಕಂದಿನಿಂದ ಅದನ್ನು ನೋಡಿದ್ದೇನೆ. ಎಲ್ಲೋ ಹರಿದಿತ್ತು, ಹೊಲಿದಿದ್ದಾಳೆ ಎಂದುಕೊಂಡಿದ್ದೆ. ಈಗ ಬೆರಳಾಡಿಸಿ ನೋಡಿದರೆ ಎಷ್ಟು ಒತ್ತೊತ್ತಾದ ಹೊಲಿಗೆ! ಒಂದು ಕೂಡ ಸೊಟ್ಟ ಇಲ್ಲ. ಆಮೇಲೆ ನಾನು ಕೋಟು ಮಡಿಸಲಿಲ್ಲ, ಅದನ್ನು ತೊಡೆಯ ಮೇಲೆ ಹಾಕಿಕೊಂಡು ನಿಮ್ಮ ಕಾಗದವನ್ನು ಮತ್ತೊಮ್ಮೆ ಓದಿದೆ.

ನಿಮಗೆ ಬರೆದ ಒರಟು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ನೀವು ಎಂಬತ್ತಮೂರರಲ್ಲಿ ಬಸ್ಸು ಹತ್ತಿ ಜಗಳೂರಿಗೆ ಬಂದು ನನ್ನ ಪಕ್ಕ ಕೂತು ಹೇಳಬೇಕಿತ್ತೆಂದು ಕೇಳಿದ್ದು ಯಾವ ನ್ಯಾಯ?

ಶಿವಲೀಲಾ ಅವರಿಗೆ ಜೆರಾಕ್ಸ್ ಕಳಿಸುವುದಿಲ್ಲ. ಅದರ ಬಗ್ಗೆ ನಾನು ಬೇರೆ ಯೋಚಿಸಿದ್ದೇನೆ. ಈಗ ನಿಮ್ಮಲ್ಲಿ ಒಂದು ಕೇಳಿಕೊಳ್ಳಬೇಕು. ನಮ್ಮವ್ವ ಅಪ್ಪ ಹೇಗಿದ್ದರು ಎಂದು ನನಗೆ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದಾಗಲೆಲ್ಲ ಗೋಡೆ ಕಡೆ ಕೈ ತೋರಿಸುತ್ತಿದ್ದಳು. ಫೋಟೋ ಇತ್ತಲ್ಲ, ನಾನೂ ಹೆಚ್ಚು ಕೇಳಲಿಲ್ಲ. ಅಪ್ಪನನ್ನು ಕಂಡಿದ್ದ ಅಜ್ಜಿ, ದೊಡ್ಡಪ್ಪ ಎಲ್ಲರೂ ಹೋದರು. ನಿಮ್ಮ ಮೊದಲ ಕಾಗದ ಬಂದಾಗಲೇ ಸೈನ್ಯಕ್ಕೆ ಬರೆದು ಕೇಳಿದ್ದೆ. ಅಷ್ಟು ಹಳೆಯ ಕಾಗದಗಳಲ್ಲಿ ಫೋಟೋ ಇಲ್ಲವೆಂದು ಉತ್ತರ ಬಂತು. ಸೇರಿದ ತಿಂಗಳು, ತರಬೇತಿ ಕಂಪನಿಯ ಹೆಸರು ಇರುವ ಒಂದು ಹಾಳೆ ಮಾತ್ರ ನನ್ನ ಹತ್ತಿರ ಇದೆ, ಅದನ್ನು ಪ್ರದೀಪ್ ಅವರಿಗೆ ಕಳಿಸಿದ್ದೇನೆ.

ಎರಡು ದಿನ ಕೂತು ಅವ್ವ ಅಪ್ಪನ ಮುಖವನ್ನು ಹೇಳಿದ್ದು ನಿಮಗೊಬ್ಬರಿಗೇ. ಅವಳು ಏನೇನು ಹೇಳಿದಳು? ನೆನಪಿರುವಷ್ಟು ಬರೆಯುತ್ತೀರಾ?

ನಿಮ್ಮ ಉತ್ತರಕ್ಕೆ ಕಾದಿರುವ,
ದುರ್ಗಾಂಬಿಕಾ


ಹೊನ್ನಾಳಿ
೮ ಮೇ ೨೦೨೫

ಮಗಳು ದುರ್ಗಾಂಬಿಕೆಗೆ ಆಶೀರ್ವಾದಗಳು.

ಹೀಗೆ ಕರೆದರೆ ತಪ್ಪು ತಿಳಿಯುವುದಿಲ್ಲವೆಂದುಕೊಂಡಿದ್ದೇನೆ.

ಸಾವಿರ ಮುಖ ತೆಗೆದಿದ್ದೀರಿ, ಕಲಸಿರಬಹುದು ಎಂದಿದ್ದೆಯಲ್ಲ. ನಿಜ, ಬೇಕಾದಷ್ಟು ಕಲಸಿಹೋಗಿವೆ. ಆದರೆ ಮಾಡಲು ಬಾರದೆ ಹೋದ ಕೆಲಸ ಮರೆಯುವುದಿಲ್ಲ. ನಿಮ್ಮ ತಾಯಿಯ ಮಾತುಗಳನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ.

“ಎತ್ತರ ಇಲ್ಲ. ನನಗಿಂತ ನಾಕು ಬೆರಳು ಜಾಸ್ತಿ. ಹಣೆ ಅಗಲ. ಕಣ್ಣು ಒಳಗೈತೆ.”

“ಎಡಗಡೆ ಹುಬ್ಬಿನಾಗೆ ಒಂದು ಗೀಟು ಐತೆ. ಸಣ್ಣೋರಿದ್ದಾಗ ಎತ್ತು ಕೊಂಬು ಬೀಸಿದ್ದು. ಅಲ್ಲಿ ಕೂದ್ಲು ಬಂದಿಲ್ಲ.”

“ಒಂದು ಕಿವಿ ತಲೆಗೆ ಅಂಟಿಕಂಡೈತೆ, ಇನ್ನೊಂದು ಹೊರಗೆ ನಿಂತೈತೆ. ಎಡಗಡೇದು.”

ಆಮೇಲೆ ಬಾಯಿ. ಇದನ್ನು ಹೇಳುವಾಗ ಅವರು, ಎರಡು ದಿನದಲ್ಲಿ ಒಂದೇ ಒಂದು ಸಲ, ನಕ್ಕರು. “ಮ್ಯಾಗಳ ತುಟಿ ಗಿಡ್ಡ. ಬಾಯಿ ಮುಚ್ಚಿದ್ರೂ ಮುಂದಿನ ಎರಡು ಹಲ್ಲು ಕಾಣ್ತವೆ. ಸಿಟ್ಟು ಬಂದಾಗ್ಲೂ ನಕ್ಕಂಗೇ ಕಾಣ್ತಾರೆ. ಅವರ ಕೂಡ ಜಗಳ ಆಡಾಕೆ ಆಗ್ತಿರ್ಲಿಲ್ಲ ನೋಡ್ರಿ. ಎರಡು ರಜ, ಅಷ್ಟೇ ನಾವು ಕೂಡಿ ಇದ್ದದ್ದು.”

ಬೆನಕಪ್ಪನವರದು ದಪ್ಪ, ಬಿಗಿದ ತುಟಿ. ಅದರ ಮೇಲೆ ಹಲ್ಲು ಮೂಡಿಸಲು ನೆಗೆಟಿವನ್ನು ಚಾಕುವಿನಿಂದ ಕೆರೆಯಬೇಕು. ಕೈ ತಪ್ಪಿದರೆ ಮುಖವೇ ಹೋಗುತ್ತಿತ್ತು. ನನಗೆ ಧೈರ್ಯ ಸಾಲಲಿಲ್ಲ. ಬಾಯಿ ಬರಲಿಲ್ಲ ಎಂದು ಅವರು ಅಂದದ್ದು ಅದಕ್ಕೆ.

ಇನ್ನೊಂದು ವಿಷಯ. ನೀನು ಕಳಿಸಿದ ಹಾಳೆ ಹಿಡಿದು ಪ್ರದೀಪ್ ಹದಿನೈದು ದಿನ ತಿರುಗಿದ್ದಾರೆ. ಕತ್ತಲಗೆರೆಯಲ್ಲಿ ಚಿತ್ತಪ್ಪ ಎಂಬ ಮಾಜಿ ಸೈನಿಕರ ಮನೆ ಸಿಕ್ಕಿದೆ. ಚಿತ್ತಪ್ಪನವರು ಈಗಿಲ್ಲ. ಅವರ ಮನೆಯಲ್ಲಿ ತರಬೇತಿ ಮುಗಿದ ದಿನದ ಗುಂಪು ಫೋಟೋ ಇದೆ. ಅದರ ಹಿಂದೆ ಬರೆದಿರುವ ತಿಂಗಳು, ವರ್ಷ, ಕಂಪನಿ ನಿನ್ನ ಹಾಳೆಯಲ್ಲಿರುವುದೇ. ನಲವತ್ತೆರಡು ಜನ ನಾಲ್ಕು ಸಾಲಿನಲ್ಲಿದ್ದಾರೆ. ಕೆಳಗೆ ಹೆಸರುಗಳಿದ್ದ ಪಟ್ಟಿಯನ್ನು ಯಾರೋ ಚೌಕಟ್ಟಿಗೆ ಹಿಡಿಸಲೆಂದು ಕತ್ತರಿಸಿ ಎಸೆದಿದ್ದಾರೆ. ನಮ್ಮಂಥ ಕಸುಬಿನವರದೇ ಕೆಲಸ. ಚಿತ್ತಪ್ಪನವರ ಹೆಂಡತಿಗೆ ತಮ್ಮ ಗಂಡನನ್ನು ಬಿಟ್ಟರೆ ಬೇರೆ ಯಾರೂ ಗೊತ್ತಿಲ್ಲ.

ಪ್ರದೀಪ್ ಅದನ್ನು ನನ್ನ ಹತ್ತಿರ ತಂದಿದ್ದರು. ಒಂದೊಂದು ಮುಖವೂ ಕಡಲೆಕಾಳಿನಷ್ಟು. ಬಿಳಿ ಕಾಗದದಲ್ಲಿ ಸಣ್ಣ ತೂತು ಮಾಡಿ, ಉಳಿದವರನ್ನು ಮುಚ್ಚಿ, ಒಬ್ಬೊಬ್ಬರನ್ನೇ ಭೂತಗನ್ನಡಿಯಲ್ಲಿ ನೋಡಿದೆ. ನೋಡಿ ಮುಗಿಸಿ ಒಂದು ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೇನೆ, ಈ ಕಾಗದದ ಜೊತೆಗೇ ಇದೆ. ನೀನು ಚನ್ನಗಿರಿಗೆ ಹೋಗಿ ಮೊದಲು ನಿನ್ನ ಕಣ್ಣಿನಿಂದ ನೋಡು. ಆಮೇಲೆ ಲಕೋಟೆ ಒಡೆ. ಒಮ್ಮೆ ನಾನು ತೋರಿಸಿದ ಮುಖವನ್ನು ನೀನು ನಂಬಿಕೊಂಡು ಬಂದಿದ್ದೀಯ. ಎರಡನೇ ಸಲ ನನ್ನ ಮಾತಿನ ಮೇಲೆ ನಂಬುವುದು ಬೇಡ.

ಮಂಡಿ ನೋವು, ನಾನು ಬರಲಾರೆ. ಏನಾಯಿತೆಂದು ಬರೆ.

ನಿನ್ನ ಶ್ರೇಯಸ್ಸು ಕೋರುವ,
ಹಾಲಸ್ವಾಮಿ


ಜಗಳೂರು
೨೨ ಜೂನ್ ೨೦೨೫

ಪೂಜ್ಯ ಹಾಲಸ್ವಾಮಿ ಅಪ್ಪಾಜಿಯವರ ಪಾದಗಳಿಗೆ ದುರ್ಗಾಂಬಿಕಾ ಮಾಡುವ ನಮಸ್ಕಾರಗಳು.

ಮೊನ್ನೆ ಚನ್ನಗಿರಿಗೆ ಹೋಗಿ ಬಂದೆ. ಶಿವಲೀಲಾಳಿಗೂ ಬರಲು ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹೇಗೆ ಗುರುತಿಸುವುದೆಂದು ಫೋನಿನಲ್ಲಿ ಅವಳು ಸೀರೆಯ ಬಣ್ಣ ಹೇಳಿದ್ದಳು. ಅದು ಬೇಕಾಗಲೇ ಇಲ್ಲ. ನಾನು ಕನ್ನಡಿ ಹಿಡಿದು ಹೋಲಿಸಿಕೊಂಡಿದ್ದ ಮೂಗು ಅವಳ ಮುಖದ ಮೇಲಿತ್ತು. ಹೇಳಿದೆ. ಇಬ್ಬರೂ ಅಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜನ ನೋಡುತ್ತಿದ್ದರು.

ಪ್ರದೀಪ್ ಅವರ ಕೋಣೆಯಲ್ಲಿ ಗುಂಪು ಫೋಟೋ ಮೇಜಿನ ಮೇಲಿತ್ತು. ನಿಮ್ಮ ಕಾಗದವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಹುಬ್ಬಿನ ಗೀಟು, ಕಿವಿ ಎಲ್ಲ ಬಾಯಿಪಾಠ. ಆದರೂ ನನ್ನ ಕಣ್ಣು ಮೊದಲು ಹೋಗಿ ನಿಂತದ್ದು ಮುಂದಿನ ಸಾಲಿನ ಒಬ್ಬ ದಪ್ಪ ಹೆಗಲಿನವರ ಮೇಲೆ. ಅವರು ನಮ್ಮ ಮನೆಯ ಫೋಟೋದ ಹಾಗೇ ಇದ್ದರು. ಐವತ್ತೊಂಬತ್ತು ವರ್ಷದ ಅಭ್ಯಾಸ ನೋಡಿ! ಇವರೇ ಇರಬೇಕು ಎಂದುಬಿಟ್ಟಿದ್ದೆ.

ಶಿವಲೀಲಾಳಿಗೆ ನಾನು ಗುರುತು ಏನೂ ಹೇಳಿರಲಿಲ್ಲ. ಅವಳು ನನ್ನ ಭುಜದ ಮೇಲಿನಿಂದ ಬಗ್ಗಿ, “ಎಲ್ಲಾರೂ ಹೆಂಗೆ ಬಿಗ್ಕಂಡು ನಿಂತಾರೆ ನೋಡಕ್ಕ. ಇವರೊಬ್ರು ನಗ್ತಾ ಅದಾರೆ” ಎಂದಳು.

ಮೂರನೇ ಸಾಲಿನಲ್ಲಿ ಬೆರಳಿಟ್ಟಿದ್ದಳು. ಎಡದಿಂದ ಐದನೆಯವರು. ಪಕ್ಕದವರ ಹೆಗಲಿಗೆ ಬರುವಷ್ಟು ಎತ್ತರ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಅವರು ನಗುತ್ತಿರಲಿಲ್ಲ ಅಪ್ಪಾಜಿ. ಬಾಯಿ ಮುಚ್ಚಿಕೊಂಡಿದ್ದರು. ಎರಡು ಹಲ್ಲು ಕಾಣುತ್ತಿದ್ದವು. ಎಡಗಿವಿ ಟೋಪಿಯ ಕೆಳಗೆ ಎದ್ದು ನಿಂತಿತ್ತು.

ಗಾಜು ಒದ್ದೆಯಾಗಿ ಮುಂದೆ ಏನೂ ಕಾಣಲಿಲ್ಲ. ಪ್ರದೀಪ್ ಅವರೇ ಲಕೋಟೆ ಒಡೆದು ಓದಿದರು. ‘ಮೂರನೇ ಸಾಲು, ಎಡದಿಂದ ಐದು. ಹುಬ್ಬಿನ ಗೀಟು ಇಷ್ಟು ಸಣ್ಣದರಲ್ಲಿ ಕಾಣದು, ಅದರ ಮೇಲೆ ಆಣೆ ಇಡಲಾರೆ. ಬಾಯಿಯ ಮೇಲೆ ಇಡುತ್ತೇನೆ.’

ಅಪ್ಪ ನಾನು ಅಂದುಕೊಂಡಷ್ಟು ಗಂಭೀರ ಮನುಷ್ಯರಲ್ಲ. ಇಪ್ಪತ್ತೊಂದು ವರ್ಷದ, ಟೋಪಿ ದೊಡ್ಡದಾದ, ಕುಳ್ಳ ಹುಡುಗ. ಮಾರ್ಕ್ಸ್ ಕಾರ್ಡು ತೋರಿಸಲು ಹೆದರಬೇಕಾದವರಲ್ಲ. ಅವ್ವ ಇವರ ಜೊತೆ ಜಗಳವಾಡಲು ಹೋಗಿ ಸೋತು ನಕ್ಕಿದ್ದಾಳೆ ಎಂಬುದೊಂದು ನನಗೆ ಹೊಸ ಆಸ್ತಿ. ಅವಳು ನಗುವುದನ್ನು ನಾನು ಹೆಚ್ಚು ನೋಡಿದವಳಲ್ಲ. ನೀವು ಆ ಮಾತನ್ನು ಇಷ್ಟು ವರ್ಷ ಜೋಪಾನ ಮಾಡಿರದಿದ್ದರೆ ಅಪ್ಪನೂ ಸಿಗುತ್ತಿರಲಿಲ್ಲ, ನಕ್ಕ ಅವ್ವನೂ ಸಿಗುತ್ತಿರಲಿಲ್ಲ.

ಅಲ್ಲಿಂದ ಇಬ್ಬರೂ ನ್ಯಾಮತಿಗೆ ಹೋದೆವು. ನೀವು ಮಾಡಿದ ಮೂಲ ಫೋಟೋವನ್ನು ಚೌಕಟ್ಟಿನ ಸಮೇತ ಒಯ್ದಿದ್ದೆ, ಅದನ್ನು ಶಿವಲೀಲಾಳ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲು ಒಪ್ಪಲಿಲ್ಲ. “ನಿಮ್ಮವ್ವ ಮಾಡಿಸಿದ್ದು, ಅದು ನಿಮ್ಮನೇಲೇ ಇರ್ಬೇಕು” ಎಂದಳು. “ನಮ್ಮವ್ವ ನನಗೆ ಅಪ್ಪ ಬೇಕು ಅಂತ ಮಾಡಿಸಿದ್ಲು. ಅವಳ ಕೆಲಸ ಆಯ್ತು. ಈಗ ನಿನ್ನ ಸರದಿ” ಎಂದೆ. ಪಕ್ಕದ ಮನೆಯವರು ಬಂದು ನೋಡಿ, “ನಿಮ್ಮಪ್ಪ ಮಿಲ್ಟ್ರೀಲಿ ಇದ್ರೇನೇ?” ಎಂದು ಕೇಳಿದರು. ಪ್ರದೀಪ್ ಕಂಪ್ಯೂಟರಿನಲ್ಲಿ ಕೋಟು ತೆಗೆದು ಅಂಗಿ ಹಾಕಿಕೊಡುತ್ತೇನೆ ಎಂದಿದ್ದರಂತೆ. ಶಿವಲೀಲಾ ಬೇಡವೆಂದಳಂತೆ. ಪಕ್ಕದ ಮನೆಯವರಿಗೆ ಅವಳು ಹೇಳಿದ್ದು ಇಷ್ಟೇ: “ಇಲ್ಲ ಕಣ್ರೀ. ಒಬ್ರು ಸಿಪಾಯಿಯವರ ಮಗಳಿಗೋಸ್ಕರ ನಮ್ಮಪ್ಪ ಒಂದಿನ ಈ ಕೋಟು ಹಾಕ್ಕಂಡಿದ್ದ.”

ನಮ್ಮ ಮನೆಯ ಗೋಡೆಯಲ್ಲಿ ಈಗ ಗುಂಪು ಫೋಟೋದ ಪ್ರತಿ ಇದೆ, ನಲವತ್ತೆರಡು ಜನರೂ ಇದ್ದಾರೆ. ಅಪ್ಪನನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸುವುದು ಬೇಡವೆನಿಸಿತು. ಉಳಿದವರಿಗೂ ಎಲ್ಲಿಯೋ ಮನೆ ಇರುತ್ತದೆ.

ಆಗಸ್ಟ್ ಹದಿನೈದಕ್ಕೆ ಪ್ರದೀಪ್ ಈ ಪ್ರದರ್ಶನವನ್ನು ಜಗಳೂರಿಗೆ ತರುತ್ತಾರೆ. ಬೆನಕಪ್ಪನವರ ಫೋಟೋವನ್ನು ಶಿವಲೀಲಾ ಆ ವಾರಕ್ಕೆ ಕೊಡುತ್ತಾಳೆ. ಅದರ ಕೆಳಗೆ ಏನು ಬರೆಯಬೇಕೆಂದು ಪ್ರದೀಪ್ ನನ್ನನ್ನೇ ಕೇಳಿದರು. ಹೋದ ಸಲ ‘ಸಿಪಾಯಿ ತಿಪ್ಪೇಶಪ್ಪ’ ಎಂದು ಬರೆದು ಕಳಿಸಿದ್ದವಳು ನಾನೇ ತಾನೇ. ಈ ಸಲ ಬರೆದದ್ದನ್ನು ಕೆಳಗೆ ಕೊಟ್ಟಿದ್ದೇನೆ. ನಿಮ್ಮ ಹೆಸರೂ ಇದೆ, ಒಪ್ಪಿಗೆ ಇದೆಯೇ ತಿಳಿಸಿ. ತಪ್ಪಿದ್ದರೆ ತಿದ್ದಿ. ಕಾರು ಮಾಡಿಕೊಂಡು ನಾನೇ ಹೊನ್ನಾಳಿಗೆ ಬಂದು ನಿಮ್ಮನ್ನು ಕರೆತರುತ್ತೇನೆ, ಮಂಡಿಯ ನೆಪ ಹೇಳಬೇಡಿ. ನಾನು ನರ್ಸು.

ನಿಮ್ಮ ಮಗಳು,
ದುರ್ಗಾಂಬಿಕಾ

ಫೋಟೋದ ಕೆಳಗಿನ ಚೀಟಿ:

ಹೊನ್ನಾಳಿ, ಏಪ್ರಿಲ್ ೧೯೬೬. ಕೋಟು ೧೯೬೫ರ ಯುದ್ಧದಲ್ಲಿ ಮಡಿದ ಸಿಪಾಯಿ ತಿಪ್ಪೇಶಪ್ಪನವರದು. ಅದನ್ನು ತೊಟ್ಟು ಕೂತವರು ಅಕ್ಕಿ ಮಿಲ್ಲಿನ ಹಮಾಲಿ ಬೆನಕಪ್ಪನವರು. ಫೋಟೋ ತೆಗೆದು ತಿದ್ದಿದವರು ಹಾಲಸ್ವಾಮಿಯವರು. ಗಂಡನ ಕೋಟಿನ ಹೊಲಿಗೆ ತಾನೇ ಬಿಚ್ಚಿ, ತನ್ನ ಕೂಸಿಗೆ ತೋರಿಸಲೆಂದು ಇದನ್ನು ಮಾಡಿಸಿದವಳು ಕೊಲ್ಲಾಪುರಮ್ಮ, ವಯಸ್ಸು ಹತ್ತೊಂಬತ್ತು. ಆಕೆ ಫೋಟೋದಲ್ಲಿಲ್ಲ.